ಹನಮಪ್ಪನ ಗುಡಿಗೆ ನಮ್ಮ ಮನೆಯ ಬಣ್ಣ

ಗೋಪನಕೊಪ್ಪದ ನಮ್ಮ ಓಣಿಯ ಹನಮಪ್ಪನ ಗುಡಿ ಹಳೆಯದು ಅಂತ ಎಲ್ಲರಿಗೂ ಗೊತ್ತಿತ್ತು. ಎಷ್ಟು ಹಳೆಯದು ಅಂತ ಯಾರೂ ಕೇಳಿರಲಿಲ್ಲ. ಸೊಸೈಟಿಯಲ್ಲಿ ಕ್ಲರ್ಕ್ ಆಗಿ ನಿವೃತ್ತರಾದ ಯಮನಪ್ಪ ಕಾಕಾ ಒಬ್ಬರಿಗೆ ಮಾತ್ರ ಸುಮ್ಮನೆ ಕೂಡಲಾಗಲಿಲ್ಲ. ಗುಡಿಯನ್ನು ಸಂರಕ್ಷಿತ ಸ್ಮಾರಕ ಮಾಡಿರಿ ಎಂದು ಪುರಾತತ್ವ ಇಲಾಖೆಗೆ ಅರ್ಜಿ ಹಾಕಿಬಿಟ್ಟರು. ಸೋಮವಾರ ಸಾಹೇಬರು ನೋಡಲು ಬರುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ಓಣಿ ಎರಡು ಪಾಲಾಯಿತು. ಒಂದು ಪಾಲಿಗೆ ಕಾಕಾ ಮುಂದಾಳು, ಇನ್ನೊಂದಕ್ಕೆ ನಾನು.

ನನಗೇನು ಹನಮಪ್ಪನ ಮೇಲೆ ಸಿಟ್ಟಿರಲಿಲ್ಲ. ನಮ್ಮ ಮನೆ ಗುಡಿಯ ಮಗ್ಗುಲಿಗೇ ಇದೆ. ಸ್ಮಾರಕದ ಬೋರ್ಡು ಬಿತ್ತೆಂದರೆ ಅಕ್ಕಪಕ್ಕದವರು ಮಾಳಿಗೆಯ ಮೇಲೆ ಒಂದು ಇಟ್ಟಂಗಿಯನ್ನೂ ಏರಿಸುವ ಹಾಗಿಲ್ಲವಂತೆ. ನನಗೋ ಮೇಲೊಂದು ಖೋಲಿ ಬೇಕೇ ಬೇಕಿತ್ತು. ತಾರಿಹಾಳದ ವರ್ಕ್‌ಶಾಪಿನಲ್ಲಿ ದುಡಿಯುವ ನನ್ನ ಮಗ ದುರ್ಗೇಶನಿಗೂ ಕೇಶ್ವಾಪುರದ ಕಾವೇರಿಗೂ ಲಗ್ನ ನಿಶ್ಚಯವಾಗಿತ್ತು. ಮಾತುಕತೆಯ ದಿನ ಆ ಹುಡುಗಿ ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ನಮ್ಮಿಬ್ಬರಿಗೇ ಅಂತ ಒಂದು ಖೋಲಿ ಇರಲಿ ಎಂದು ತಲೆ ಎತ್ತಿ ಹೇಳಿದಳು. ನಮ್ಮಲ್ಲಿ ಇರುವುದು ಪಡಸಾಲೆ, ಅಡುಗೆಮನೆ, ಮತ್ತೆ ನಾನೂ ನಮ್ಮ ಮನೆಯವರೂ ಮಲಗುವ ಒಂದೇ ಖೋಲಿ. ಮೇಲೆ ಕಟ್ಟಿಸಿಕೊಡುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟೆ. ಮಾತು ತಪ್ಪಿದರೆ ಲಗ್ನ ಒಲ್ಲೆ ಅನ್ನುವವಳೇ ಅವಳು. ಅದಕ್ಕೇ ನನಗೆ ಹಿಡಿಸಿದ್ದಳು.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯುಂಟು. ಯಾರ ಮನೆಯಲ್ಲಿ ಲಗ್ನವೋ ಅವರು ಮೊದಲು ಹನಮಪ್ಪನ ಗುಡಿಗೆ ಸುಣ್ಣ ಬಳಿಸಬೇಕು, ಆಮೇಲೆ ತಮ್ಮ ಮನೆಗೆ. ನಮ್ಮತ್ತೆ ಬಳಿಸಿದ್ದಳು, ಅವಳ ಅತ್ತೆಯೂ ಬಳಿಸಿದ್ದಳು. ಲಗ್ನದ ಮೇಲೆ ಲಗ್ನ, ಸುಣ್ಣದ ಮೇಲೆ ಸುಣ್ಣ, ಗುಡಿಯ ಗೋಡೆ ಉಬ್ಬಿಕೊಂಡು ಕೂತಿತ್ತು. ಈಗ ಸರದಿ ನಮ್ಮದು. ನನ್ನ ತಲೆ ಓಡಿತು. ಸುಣ್ಣದ ಬದಲು ಗಿಳಿಹಸಿರು ಆಯಿಲ್ ಪೇಂಟ್ ಹೊಡೆಸಿದರೆ ಗುಡಿ ಮೊನ್ನೆ ಕಟ್ಟಿದ್ದರ ಹಾಗೆ ಥಳಥಳ ಹೊಳೆಯುತ್ತದೆ, ಸಾಹೇಬರು ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಲಗ್ನದ ಬಣ್ಣ ಬೇಡ ಅನ್ನಲು ಕಾಕಾನಿಗೂ ಬಾಯಿಲ್ಲ. ಮಂಗಳವಾರದ ತನಕ ತಡೆಯವ್ವ ಎಂದು ಬೇಡಿಕೊಂಡರು. ಒಳ್ಳೆಯ ದಿನ ನೋಡಿಸಿದ್ದೇವೆ, ತಡೆಯೋದು ಹೇಗೆ ಎಂದು ನಾನು ಮುಖ ತಿರುಗಿಸಿದೆ.

ಭಾನುವಾರ ಬೆಳಿಗ್ಗೆ ಪೇಂಟರ್ ಫಾರೂಕ ಏಣಿ, ಡಬ್ಬಿ ಹೊತ್ತು ಬಂದ. ಗೋಡೆ ಬಡಿದು ನೋಡಿ ತಲೆಯಾಡಿಸಿದ. ಸುಣ್ಣದ ಮೇಲೆ ಆಯಿಲ್ ಪೇಂಟ್ ನಿಲ್ಲುವುದಿಲ್ಲ, ಒಂದು ಮಳೆಗಾಲಕ್ಕೆ ಹಕ್ಕಳೆ ಏಳುತ್ತದೆ, ಹಾಗೇ ಹೊಡೆಯಲೋ ಕೆರೆದು ಹೊಡೆಯಲೋ ಎಂದು ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಸೋಮವಾರದ ತನಕ ನಿಂತರೆ ಸಾಕು ಅನ್ನುತ್ತಿದ್ದರು. ನನಗೆ ಅರೆಬರೆ ಕೆಲಸ ಕಂಡರೆ ಮೈ ಉರಿಯುತ್ತದೆ. ನನ್ನ ಮಗನ ಲಗ್ನದ ಬಣ್ಣ ಹಕ್ಕಳೆ ಏಳುವುದೆಂದರೇನು? ಚೊಕ್ಕ ಕೆರೆಯಪ್ಪ ಎಂದೆ.

ಸುಣ್ಣ ಕಡಕ್ ರೊಟ್ಟಿಯ ಹಾಗೆ ಮುರಿದು ಮುರಿದು ಬಿತ್ತು. ಬಾಗಿಲ ಬಲಕ್ಕೆ ಕೆರೆಯುತ್ತಿದ್ದ ಫಾರೂಕ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ, ಒಂದು ತಂಬಿಗೆ ನೀರು ಕೇಳಿ ಗೋಡೆಗೆ ಸುರಿದ. ಕಲ್ಲಿನಲ್ಲಿ ಕೆತ್ತಿದ ಹೆಂಗಸೊಬ್ಬಳು ಹೊರಗೆ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯ ಬೆರಳು ಮೇಲಕ್ಕೆ. ಎದುರಿಗೆ ಒಬ್ಬ ಗಂಡಸು ತಲೆ ತಗ್ಗಿಸಿ ನಿಂತಿದ್ದಾನೆ. ಆ ಕಾಲದ ಯಾವಳೋ ಯಾವನನ್ನೋ ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ.

ಕ್ಷಣದಲ್ಲಿ ಓಣಿಯೆಲ್ಲ ನೆರೆಯಿತು. ಎದುರುಮನೆಯ ದುರಗವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಭುವನಾ, ಇಕಿ ನೀನ ನೋಡವ್ವ. ಅಂವಾ ನಿನ್ನ ಗಂಡ, ಪರಮೇಶಣ್ಣ."

ನಗು ಎದ್ದಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮ ಮನೆಯವರೇ. ಯಮನಪ್ಪ ಕಾಕಾ ಒಬ್ಬರು ನಗಲಿಲ್ಲ. ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತುಬಿಟ್ಟಿದ್ದರು. ಗೆದ್ದೆ ಎಂದು ಹಂಗಿಸಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅದೂ ಆಗಲಿಲ್ಲ.

ಫಾರೂಕ ನನ್ನ ಕಡೆ ತಿರುಗಿದ. "ಅಕ್ಕಾರ, ಡಬ್ಬಿ ತೆಗೀಲ್ಯಾ?"

ತೆಗೆದು ಹೊಡೆ ಎಂದರೆ ಮುಗಿಯಿತು, ಬಣ್ಣ ನಮ್ಮದು, ದಿನ ನಮ್ಮದು. ಆದರೆ ನಾನು ಆ ಕಲ್ಲಿನ ಹೆಂಗಸಿನ ಹತ್ತಿರ ಹೋಗಿ ನಿಂತೆ. ನನ್ನ ನಾಲಿಗೆ ಉದ್ದ, ನನ್ನ ಕೈ ಸೊಂಟದ ಮೇಲೆ ಅಂತ ಬೈಸಿಕೊಂಡೇ ನಾನು ಈ ಓಣಿಯಲ್ಲಿ ಬಾಳಿದ್ದೇನೆ. ಇಲ್ಲಿ ನೋಡಿದರೆ ಅಂಥವಳನ್ನು ಯಾರೋ ಒಬ್ಬ ಮೆಚ್ಚಿ, ದೇವರ ಬಾಗಿಲಲ್ಲೇ ಕಡೆದಿಟ್ಟಿದ್ದಾನೆ. ನನಗೆ ಅಷ್ಟು ಜನರ ನಡುವೆ ಅಳು ಬಂತು, ಖುಷಿಯೂ ಆಯಿತು.

"ಬ್ಯಾಡಪಾ," ಎಂದೆ. "ಡಬ್ಬಿ ಮುಚ್ಚಿಡು. ನಾಳೆ ಸಾಹೇಬ್ರು ನೋಡ್ಲಿ."

ಸಾಹೇಬರು ನೋಡಿದರೆ ಬೋರ್ಡು ಬೀಳುವುದು ಖಾತ್ರಿ, ಮೇಲಿನ ಖೋಲಿ ಹೋದಂತೆ. ಅದನ್ನು ಬೇರೆಯವರ ಬಾಯಿಂದ ಕಾವೇರಿ ಕೇಳಬಾರದು. ಸಂಜೆ ಒಬ್ಬಳೇ ಕೇಶ್ವಾಪುರಕ್ಕೆ ಹೋದೆ. ಅವರ ಪಡಸಾಲೆಯಲ್ಲಿ ಚಹಾದ ಕಪ್ಪು ಹಿಡಿದು, ನಡೆದದ್ದನ್ನೆಲ್ಲ ಹೇಳಿದೆ, ಬಣ್ಣದ ಹೂಟವನ್ನೂ ಬಿಡಲಿಲ್ಲ. ಮೇಲೆ ಕಟ್ಟಲು ಆಗುವುದಿಲ್ಲ, ಕೆಳಗಿನ ನಮ್ಮ ಖೋಲಿ ನಿಮಗೆ, ನಾವಿಬ್ಬರು ಪಡಸಾಲೆಯಲ್ಲಿ ಮಲಗುತ್ತೇವೆ ಎಂದೆ. ಅವರವ್ವ ಮುಖ ಗಂಟು ಹಾಕಿದಳು. ಕಾವೇರಿ ನನ್ನ ಹತ್ತಿರ ಸರಿದು ಕೂತಳು.

"ಅತ್ತಿ, ಆ ಖೋಲಿ ಬಾಗಲಕ್ಕ ಒಳಗಿಂದ ಚಿಲಕ ಐತೇನ್ರಿ?"

ಇದೆ. ನಾನು ಮದುವೆಯಾಗಿ ಬಂದಾಗಿನಿಂದಲೂ ಇದೆ. ಅತ್ತೆ ಏನಂದಾಳು ಎಂದು ಮೊದಲು ಹಾಕಲಿಲ್ಲ, ಆಮೇಲೆ ಹಾಕುವ ರೂಢಿಯೇ ಬರಲಿಲ್ಲ. ಓಣಿಯನ್ನೆಲ್ಲ ಅಂಜಿಸಿದ ನನಗೆ ಒಂದು ಚಿಲಕಕ್ಕೆ ಕೈ ಹಚ್ಚುವ ಧೈರ್ಯ ಆಗಿರಲಿಲ್ಲ.

"ಐತವ್ವ," ಎಂದೆ. "ಹಾಕದ ಜಂಗ ಹಿಡದೈತಿ. ನಾಳೆ ಎಣ್ಣಿ ಬಿಟ್ಟು ಸಡ್ಲ ಮಾಡಿಡ್ತೇನಿ. ನೀ ಹಾಕ್ಕೊಂಡ ಮಲಗು. ನಾ ಬಾಗಲಾ ಬಡಿಯಂಗಿಲ್ಲ."