ಬೇಡ ಎಂದು ಒತ್ತಿದ್ದೆ

ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೋದರೆ, ಕೌಂಟರಿನಾಕೆ ಮೊದಲು ಒಂದು ಟ್ಯಾಬ್ ಕೈಗಿಟ್ಟಳು. ನನ್ನ ಹಳೆಯ ಆರೋಗ್ಯ ದಾಖಲೆಗಳನ್ನೆಲ್ಲ ಇಲ್ಲಿಯವರು ನೋಡಬಹುದೇ, ಹೌದೋ ಬೇಡವೋ ಒತ್ತಬೇಕಂತೆ. ನನಗಿಂತ ಮೊದಲು ಬಂದಿದ್ದ ಅಜ್ಜನೊಬ್ಬ, ತನ್ನ ಶುಗರ್ ವಿಷಯ ಇಡೀ ಬೀದಿಗೇ ಗೊತ್ತು, ಇನ್ನು ಕಂಪ್ಯೂಟರಿನ ಮುಂದೆ ಎಂಥ ನಾಚಿಕೆ ಎಂದು ಹೌದು ಒತ್ತಿದ್ದ. ಟೈ ಕಟ್ಟಿದವನೊಬ್ಬ ಪ್ರತಿ ಸಾಲನ್ನೂ ಓದಿ, ಇನ್ಶೂರೆನ್ಸಿನವರ ಕೈಗೆ ಸಿಕ್ಕರೆ ಏನು ಗತಿ ಎಂದು ಗೊಣಗಿ ಬೇಡ ಒತ್ತಿದ್ದ. ಹೊಲಿಗೆ ಕೆಲಸದವಳು ನಾನು, ಬಾಯಿ ಕತ್ತರಿಗಿಂತ ಹರಿತ ಎನ್ನುತ್ತಾರೆ. ಅವತ್ತು ಮಾತ್ರ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ.

ಮಗಳು ಹುಟ್ಟಿದ ಮೇಲೆ ನನ್ನ ತಲೆ ಕೆಟ್ಟಿತ್ತು. ಮಗುವಿಗೆ ನಾನೇ ಏನಾದರೂ ಮಾಡಿಬಿಡುತ್ತೇನೆಂಬ ಭಯ. ಮನೆಯವರಿಗೆ ಬೆನ್ನುನೋವೆಂದು ಸುಳ್ಳು ಹೇಳಿ ಮನೋರೋಗದ ಡಾಕ್ಟರ ಹತ್ತಿರ ಹೋದೆ. ಹುಷಾರಾದೆ. ಆದರೆ ಮಾತ್ರೆಯನ್ನು ಇವತ್ತಿಗೂ ಕದ್ದು ನುಂಗುತ್ತೇನೆ. ಗೊತ್ತಾದರೆ ಮೂರು ವರ್ಷದ ಮಗಳನ್ನು ನನ್ನೊಬ್ಬಳ ಕೈಗೆ ಯಾರು ಬಿಡುತ್ತಾರೆ? ಸಾಲದ್ದಕ್ಕೆ, ನಮ್ಮ ಜೊತೆಗೇ ಇರುವ ನಾದಿನಿಗೆ ಇದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ. ಅವತ್ತು ನನ್ನನ್ನು ಕರೆತಂದವಳೂ ಅವಳೇ. ಅವಳು ಅತ್ತ ತಿರುಗಿದ್ದಾಗ ಬೇಡ ಎಂದು ಒತ್ತಿದೆ.

ಅರಿವಳಿಕೆ ಡಾಕ್ಟರು ಬಂದು, ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ, ಮುಚ್ಚಿಟ್ಟರೆ ಜೀವಕ್ಕೇ ಅಪಾಯ ಎಂದರು. ಇಲ್ಲ ಎಂದೆ. ಸಾಯುವ ಭಯಕ್ಕಿಂತ ಪಕ್ಕದಲ್ಲಿ ನಿಂತ ನಾದಿನಿಯ ಭಯವೇ ನನಗೆ ದೊಡ್ಡದಾಗಿತ್ತು.

"ಅತ್ತಿಗೆ, ಮನಸ್ಸಿನ ಮಾತ್ರೆ ತಗೋತೀರಲ್ಲ, ಅದನ್ನ ಹೇಳಿ," ಎಂದಳು ಅವಳು, ಮೆಲ್ಲಗೆ.

ಡಾಕ್ಟರು ಪೆನ್ನು ಹಿಡಿದು ಕಾದರು. ಮಾತ್ರೆಯ ಹೆಸರು ಹೇಳಿದೆ, ಬರೆದುಕೊಂಡು ಹೋದರು. ನಾನು ಬೇಡ ಒತ್ತಿದ್ದೆನಲ್ಲ ಎಂದು ನಾದಿನಿಯನ್ನು ಕೇಳಿದೆ.

"ನೀವು ಏನೇ ಒತ್ತಿ, ಒಳಗಿರೋ ನಮಗೆ ಕಾಣ್ಸುತ್ತೆ. ಎರಡು ವರ್ಷದ ಹಿಂದೇನೇ ನೋಡ್ದೆ. ಯಾರಿಗೂ ಹೇಳಿಲ್ಲ ಅತ್ತಿಗೆ," ಎಂದು ನನ್ನ ಕೈ ಹಿಡಿದುಕೊಂಡಳು. "ಅದಕ್ಕೇ ಅಲ್ವಾ ನಾನು ರಾತ್ರಿ ಪಾಳಿ ಕೇಳಿ ತಗೊಂಡಿದ್ದು? ಹಗಲು ಮಗು ಹತ್ರ ಯಾರಾದ್ರೂ ಇರ್ಲಿ ಅಂತ."

ಅವಳು ಪ್ರೀತಿಯಿಂದಲೇ ಹೇಳಿದ್ದಳು, ಅದೇ ನನ್ನನ್ನು ನಡುಗಿಸಿತು. ಹಗಲೆಲ್ಲ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಾಳೆಂದುಕೊಂಡಿದ್ದೆ, ಅವಳು ಕಿವಿಗೊಟ್ಟು ಮಲಗಿರುತ್ತಿದ್ದಳು. ಮಗಳನ್ನು ನನ್ನಿಂದ ಕಿತ್ತುಕೊಂಡಾರೆಂದು ಇಷ್ಟು ದಿನ ಹೆದರಿದ್ದೆ. ಎರಡು ವರ್ಷದಿಂದ ಮಗುವನ್ನು ನನ್ನೊಬ್ಬಳ ಕೈಗೆ ಬಿಟ್ಟೇ ಇರಲಿಲ್ಲ.