ಪೌಡರ್ ಹಾಕಿದ ಪಾದಗಳು

ತೊಳೆದ ಕಾಲನ್ನು ಮತ್ತೆ ತೊಳೆಯಲು ಒಬ್ಬ ಪಾದ್ರಿ ಬೇಕೇ? ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಫಾದರ್ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ, ಯೇಸು ಕಡೆಯ ಊಟದ ರಾತ್ರಿ ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ. ಶಿರ್ತಾಡಿಯ ನಮ್ಮ ವೃದ್ಧಾಶ್ರಮದಲ್ಲಿ ಆ ಹನ್ನೆರಡು ಮಂದಿಯನ್ನು ಇಲ್ಲಿನ ಅಜ್ಜ ಅಜ್ಜಿಯರಿಂದಲೇ ಆರಿಸುವುದು ವಾಡಿಕೆ. ಹೇಗೆ ಆರಿಸುತ್ತಾರೆ ಗೊತ್ತೇ? ಆಶ್ರಮ ನಡೆಸುವ ಸನ್ಯಾಸಿನಿಯರ ಮುಖ್ಯಸ್ಥೆ ಮದರ್ ವಾರ್ಡಿಗೆ ಬಂದು ಹೊದಿಕೆ ಎತ್ತಿ ಕಾಲು ನೋಡುತ್ತಾರೆ. ಹುಣ್ಣಿಲ್ಲದ, ಬಾವಿಲ್ಲದ, ಉಗುರು ಕಪ್ಪಾಗದ ಕಾಲುಗಳು ಪಾಸು. ಪಾಸಾದವರಿಗೆ ಬೆಳಿಗ್ಗೆಯೇ ಬಿಸಿನೀರು, ಸಾಬೂನು, ಹಿಮ್ಮಡಿಗೆ ಕಲ್ಲಿನ ಉಜ್ಜು, ಕೊನೆಗೆ ಪೌಡರ್. ಇದನ್ನೆಲ್ಲ ಮಾಡುವವಳು ಇಲ್ಲಿನ ನರ್ಸ್, ಸಿಸ್ಟರ್ ಐಡಾ, ಅಂದರೆ ನಾನು. ಸಂಜೆ ಫಾದರ್ ಬಂದು ಬೆಳ್ಳಿ ತಂಬಿಗೆಯಿಂದ ನಾಲ್ಕು ಹನಿ ಬಿಡುತ್ತಾರೆ, ಅಷ್ಟೇ.

ಈ ಸಲ ವಾರ್ಡಿನ ಅಜ್ಜಿ ಸೆರಾಫಿನ್ ಬಾಯಿ ತಾವಾಗಿಯೇ ಕೇಳಿದರು. ಜೀವಮಾನವಿಡೀ ಬಂಟ್ವಾಳ ಪೇಟೆಯಲ್ಲಿ ಬಸಳೆ, ಹರಿವೆ ಸೊಪ್ಪು ಹೊತ್ತು ಬರಿಗಾಲಲ್ಲಿ ಮಾರಿದವರು ಅವರು. ಸಕ್ಕರೆ ಕಾಯಿಲೆ ಅವರ ಬಲಗಾಲನ್ನು ತಿಂದು ಹಾಕಿದೆ. ಈಸ್ಟರ್ ಕಳೆದ ಕೂಡಲೇ ಮಂಗಳೂರಿನಲ್ಲಿ ಅದನ್ನು ಮೊಣಕಾಲಿನ ಕೆಳಗೆ ಕತ್ತರಿಸುವುದೆಂದು ನಿಶ್ಚಯವಾಗಿತ್ತು.

ಆ ಗುರುವಾರ ಬೆಳಿಗ್ಗೆ ಗಾಯದ ಡ್ರೆಸ್ಸಿಂಗ್ ಮಾಡುವಾಗ ಮೆಲ್ಲಗೆ ಹೇಳಿದರು: “ಸಿಸ್ಟರ್, ಮದರ್ ಹತ್ತಿರ ನನ್ನ ಹೆಸರೊಂದು ಹೇಳಿ ನೋಡಿ. ಈ ಕಾಲು ಇಷ್ಟು ವರ್ಷ ನನ್ನನ್ನು ಹೊತ್ತಿದೆ. ಹೋಗುವ ಮೊದಲು ಒಮ್ಮೆ ಮರ್ಯಾದೆಯಲ್ಲಿ ತೊಳೆಸಿಕೊಂಡು ಹೋಗ್ಲಿ. ಬೇರೆ ಏನೂ ಕೇಳುವುದಿಲ್ಲ ನಾನು.”

ನಾನು ನೇರ ಮದರ್ ಕೋಣೆಗೆ ಹೋದೆ.

“ತಲೆ ಸಮ ಉಂಟಾ ನಿಮಗೆ, ಸಿಸ್ಟರ್ ಐಡಾ?” ಎಂದರು ಮದರ್. “ವಾಸನೆ ಬರ್ತದೆ. ಪೂಜೆ ಯೂಟ್ಯೂಬಿನಲ್ಲಿ ಹೋಗ್ತದೆ, ದುಬೈಯಲ್ಲಿ ಕೂತವರೂ ನೋಡ್ತಾರೆ. ಫಾದರಿಗೂ ಕಷ್ಟ.”

“ಫಾದರ್ ಹತ್ತಿರ ಕೇಳಿದ್ದೀರಾ?”

“ಕೇಳುವಂಥದ್ದಾ ಅದು?”

“ದಿನಾ ನಾನು ತೊಳೆಯುವ ಕಾಲು ಮದರ್ ಅದು. ನನ್ನ ಮೂಗೇನು ಬಾಡಿಗೆಗೆ ತಂದದ್ದಾ?”

ಮದರ್ ಹನ್ನೆರಡು ಬಿಳಿ ಟವೆಲಿಗೆ ಇಸ್ತ್ರಿ ಹಾಕಿಸಲು ಹೇಳಿ ಎದ್ದು ಹೋದರು. ನನ್ನ ಮೈಯೆಲ್ಲ ಉರಿಯಿತು. ಗೇಟಿನ ಮೇಲೆ ಇಷ್ಟು ದೊಡ್ಡ ಅಕ್ಷರದಲ್ಲಿ ‘ಗುಣಪಡಿಸುವುದೇ ನಮ್ಮ ಕರೆ’ ಎಂದು ಬರೆಸಿಕೊಂಡಿದ್ದೇವೆ, ಗಾಯವಿದ್ದವರು ಮಾತ್ರ ಹಿಂದೆ ಕೂರಬೇಕು! ಆ ಶಿಷ್ಯರೇನು ಪೌಡರ್ ಹಾಕಿಕೊಂಡು ಊಟಕ್ಕೆ ಬಂದಿದ್ದರೇ? ಊರೂರು ತಿರುಗಿ ಒಡೆದ, ಧೂಳು ಮೆತ್ತಿದ ಕಾಲುಗಳಲ್ಲವೇ ಅವು?

ಈ ಸಿಟ್ಟನ್ನೆಲ್ಲ ನಾನು ಮಹಾಲಿಂಗೇಶ್ವರ ಮಾಷ್ಟ್ರ ಹಿಮ್ಮಡಿಯ ಮೇಲೆ ತೀರಿಸಿದೆ. ಬೆಳ್ತಂಗಡಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ ಇಲ್ಲಿಗೆ ಬಂದವರು. ಚರ್ಚಿಗೆ ಸೇರಿದವರಲ್ಲದಿದ್ದರೂ ಮದರ್ ಅವರನ್ನು ಪ್ರತಿವರ್ಷ ಆರಿಸುತ್ತಾರೆ, ಕಾಲು ಅಷ್ಟು ಚಂದ. ಕಲ್ಲು ಉಜ್ಜುತ್ತಾ ನಡೆದದ್ದನ್ನೆಲ್ಲ ಅವರೆದುರು ಸುರಿದೆ.

“ನಿಧಾನ ಸಿಸ್ಟರ್, ಚರ್ಮ ಹೋದೀತು,” ಎಂದರು.

ಆಗುವುದಿಲ್ಲವಂತೆ ಎಂದು ಸೆರಾಫಿನ್ ಬಾಯಿಗೆ ತಿಳಿಸುವ ಪಾಪದ ಕೆಲಸವೂ ನನ್ನ ಪಾಲಿಗೇ ಬಂತು. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನ ಗಂಜಿ ಮುಟ್ಟಲಿಲ್ಲ.

ಸಂಜೆ ಆಶ್ರಮದ ಚಾಪೆಲ್ ತುಂಬಿತ್ತು. ಸೆರಾಫಿನ್ ಬಾಯಿಯ ಗಾಲಿಕುರ್ಚಿಯನ್ನು ಬಾಗಿಲ ಹತ್ತಿರ ನಿಲ್ಲಿಸಿ ನಾನು ಪಕ್ಕದಲ್ಲೇ ಇದ್ದೆ. ಸಂಜೆಯ ಡ್ರೆಸ್ಸಿಂಗಿನ ಸಾಮಾನೂ ಚೀಲದಲ್ಲಿತ್ತು. ಫಾದರ್ ಒಬ್ಬೊಬ್ಬರ ಪಾದಕ್ಕೂ ನೀರು ಬಿಟ್ಟು, ಒರೆಸಿ, ಮುತ್ತಿಟ್ಟು ಮುಂದೆ ಬಂದರು. ಕೊನೆಯ ಕುರ್ಚಿಯ ಹತ್ತಿರ ಬಂದಾಗ ಮಾಷ್ಟ್ರು ಎದ್ದು ನಿಂತರು.

“ಕ್ಷಮಿಸಬೇಕು ಫಾದರ್. ನನ್ನ ಕಾಲು ಬೆಳಿಗ್ಗೆಯೇ ತೊಳೆದಾಗಿದೆ. ತೊಳೆಯಬೇಕಾದವರು ಅಲ್ಲಿ ಹಿಂದೆ ಇದ್ದಾರೆ,” ಎಂದು ಕುರ್ಚಿಯನ್ನು ಪಕ್ಕಕ್ಕೆ ಎಳೆದರು.

ನಾನು ಮದರ್ ಮುಖ ನೋಡಲೇ ಇಲ್ಲ. ಗಾಲಿಕುರ್ಚಿಯನ್ನು ದಡಬಡ ತಳ್ಳಿಕೊಂಡು ಹೋಗಿ ಆ ಜಾಗದಲ್ಲಿ ನಿಲ್ಲಿಸಿದೆ.

ಫಾದರ್ ಇನ್ನೂ ಪ್ರಾಯದವರು. ಬ್ಯಾಂಡೇಜು ನೋಡಿ ಒಂದು ಕ್ಷಣ ತಡೆದರು. ಆಮೇಲೆ ಸೆರಾಫಿನ್ ಬಾಯಿಯ ಗಾಯವಿಲ್ಲದ ಎಡಗಾಲನ್ನು ಮೆಲ್ಲಗೆ ಎತ್ತಿ ತಂಬಿಗೆ ಬಾಗಿಸಿದರು. ಮುಂದಿನ ಸಾಲಿನವರು ನೆಮ್ಮದಿಯ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

“ಅದಲ್ಲ ಫಾದರ್,” ಎಂದರು ಸೆರಾಫಿನ್ ಬಾಯಿ. “ಅದು ನನ್ನ ಹತ್ತಿರವೇ ಇರ್ತದೆ. ಹೋಗುವುದು ಇದು.”

ಫಾದರ್ ಕಾಲರಿನಲ್ಲಿ ಮೈಕ್ ಇತ್ತು. ಚಾಪೆಲಿಗೂ ಕೇಳಿತು, ದುಬೈಗೂ ಕೇಳಿತು.

ಫಾದರ್ ತಂಬಿಗೆ ಕೆಳಗಿಟ್ಟರು. “ನೀರು ತಾಗಬಹುದಾ ಸಿಸ್ಟರ್?”

“ಇದರಲ್ಲಿ ತೊಳೆಯಿರಿ,” ಎಂದು ಗಾಯ ತೊಳೆಯುವ ಸಲೈನ್ ಬಾಟಲಿ ಕೊಟ್ಟು ಬ್ಯಾಂಡೇಜು ಬಿಚ್ಚಿದೆ. ವಾಸನೆ ಬಂತು. ಬಂತು, ಏನೀಗ? ಮದರ್ ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ಫಾದರ್ ಹಿಂದೆ ಸರಿಯಲಿಲ್ಲ. ಗಾಯದ ಮೇಲೆ ನಿಧಾನವಾಗಿ ಸಲೈನ್ ಬಿಟ್ಟರು. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮಾಷ್ಟ್ರ ಪಾಲಿನ ಟವೆಲಿನಲ್ಲಿ ಒರೆಸಿದರು. ಆಮೇಲೆ ಬಗ್ಗಿ, ಉಳಿದವರಿಗೆ ಕೊಟ್ಟ ಹಾಗೆಯೇ, ಆ ಕಾಲಿಗೂ ಮುತ್ತು ಕೊಟ್ಟರು. ನಾನು ಅಲ್ಲೇ ಹೊಸ ಬ್ಯಾಂಡೇಜು ಕಟ್ಟಿದೆ.

ಪೂಜೆ ಮುಗಿದದ್ದೇ ತಡ, ಮದರ್ ನನ್ನನ್ನು ವರಾಂಡದಲ್ಲಿ ಹಿಡಿದರು. “ಎಲ್ಲರ ಎದುರು ಮರ್ಯಾದೆ ತೆಗೆದಿರಲ್ಲ!”

“ಯಾರ ಮರ್ಯಾದೆ ಮದರ್? ಬೇಕಾದ್ರೆ ನನ್ನನ್ನು ಬೇರೆ ಕಾನ್ವೆಂಟಿಗೆ ಕಳಿಸಿ. ಇಲ್ಲಿದ್ರೆ ಬರುವ ವರ್ಷ ಯಾರ ಕಾಲಿಗೂ ಪೌಡರ್ ಹಾಕುವುದಿಲ್ಲ ನಾನು,” ಎಂದು ಹೇಳಿ ವಾರ್ಡಿಗೆ ನಡೆದೆ.

ಸೆರಾಫಿನ್ ಬಾಯಿ ಎದ್ದು ಕೂತು ಗಂಜಿ ಉಣ್ಣುತ್ತಿದ್ದರು. ಬಟ್ಟಲು ಬದಿಗಿಟ್ಟು, ಹೊದಿಕೆ ಸರಿಸಿ, ಹೊಸ ಬ್ಯಾಂಡೇಜಿನ ಮೇಲೆ ಒಮ್ಮೆ ಕೈಯಾಡಿಸಿದರು.

“ಆಯ್ತು ಸಿಸ್ಟರ್,” ಎಂದರು. “ಇನ್ನು ಕೊಂಡು ಹೋಗ್ಲಿ.”