ಮೊದಲು ಬಟ್ಟೆ, ಆಮೇಲೆ ಕೀ

ಟಣ್ ಎಂದು ಸಣ್ಣ ಸದ್ದು. ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು. ನಿದ್ದೆ ಹತ್ತದೆ ಹೊರಳಾಡುತ್ತಿದ್ದ ಸೊಸೆ ಎದ್ದು ಕಿಟಕಿಯಿಂದ ಇಣುಕಿದಳು. ಮನೆಯ ಹಿಂದೆ ದಡಕ್ಕೆ ಕಟ್ಟಿದ್ದ ದೋಣಿಯೊಳಗೆ ಟಾರ್ಚಿನ ಬೆಳಕು ಅಲ್ಲಾಡುತ್ತಿತ್ತು. ಮಾವ.

ಊಟಕ್ಕೆ ಕೂತಾಗ ಗಂಡ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಅಪ್ಪ, ಬೆಳಗ್ಗೆ ಐದಕ್ಕೆ ಇಂಜಿನ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಪೇಟೆಯಿಂದ ಮೆಕ್ಯಾನಿಕ್ ಕರೆಸ್ತೀನಿ. ಆಮೇಲೆ ನೀನು ಯಾರ ಇಂಜಿನ್ನೂ ಮುಟ್ಟಬೇಡ." ನಲವತ್ತು ವರ್ಷ ಆ ದಡದ ಇಂಜಿನ್ನುಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ ತಟ್ಟೆಯಲ್ಲಿ ಸುಮ್ಮನೆ ಬೆರಳಾಡಿಸುತ್ತ ಕೂತಿದ್ದರು.

ಅವಳು ಬರಿಗಾಲಲ್ಲೇ ದೋಣಿಗಿಳಿದಳು.

"ಯಾಕಮ್ಮ ಎದ್ದು ಬಂದೆ?"

"ನಿಮ್ಮ ಸ್ಪ್ಯಾನರ್ ಎಬ್ಬಿಸ್ತು ಮಾವ."

"ಇದನ್ನ ಎಬ್ಬಿಸೋಕೆ ಆಗ್ತಿಲ್ಲ ನೋಡು. ಥೇಟ್ ನಿನ್ನ ಗಂಡ. ಗೊರಗೊರ ಅನ್ನುತ್ತೆ, ಏಳಲ್ಲ."

ಅವಳು ನಕ್ಕಳು. ಮಾವ ನಗಲಿಲ್ಲ. ಡೀಸೆಲ್ ಫಿಲ್ಟರ್ ಬದಲಾಯಿಸಿದ್ದರು. ಡೀಸೆಲ್ ಪೈಪಿನಲ್ಲಿ ಸಿಕ್ಕಿದ್ದ ಗಾಳಿಯನ್ನು ಹೊರಗೆ ಬಿಟ್ಟಿದ್ದರು. ಬ್ಯಾಟರಿಯ ತುದಿಗಳನ್ನು ಉಜ್ಜಿ ಹೊಳೆಯಿಸಿದ್ದರು. ಇಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ.

"ಇನ್ನೇನು ಉಳೀತು?" ಎಂದು ತಮ್ಮನ್ನೇ ಕೇಳಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿಕೊಂಡರು.

ಅವಳ ಕಣ್ಣು ಸ್ಟೇರಿಂಗಿನ ಮೇಲೆ ಹೋಯಿತು. ಬರಿದಾಗಿತ್ತು. ಕೆಂಪು ಬಟ್ಟೆ ಇರಲಿಲ್ಲ.

ರಾತ್ರಿ ಇಲಿ ನುಗ್ಗದಿರಲೆಂದು, ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಕೆಂಪು ಬಟ್ಟೆ ತುರುಕುವುದು. ಹೊರಡುವ ಮುಂಚೆ ಅದನ್ನು ಕಿತ್ತು ಸ್ಟೇರಿಂಗಿಗೆ ಕಟ್ಟುವುದು. ಅಲ್ಲಿ ಬಟ್ಟೆ ಕಾಣದಿದ್ದರೆ ಕೀ ಮುಟ್ಟಕೂಡದು. ಈ ಕಟ್ಟಳೆ ಮಾಡಿದವರು ಮಾವನೇ. ಮರೆತವರನ್ನು, "ಮೊದಲು ಬಟ್ಟೆ, ಆಮೇಲೆ ಕೀ! ತಲೆಯೊಳಗೇನು ತುರುಕಿದ್ದೀಯೋ?" ಎಂದು ದಡವೆಲ್ಲ ಕೇಳುವಂತೆ ಬೈಯುತ್ತಿದ್ದರು. ಗಂಡನಿಗೆ ಇಂಜಿನ್ನಿನ ಗಂಧಗಾಳಿ ಇಲ್ಲ; ಬಟ್ಟೆ ತುರುಕುವುದೂ ಕೀಳುವುದೂ ಮಾವನದೇ ಕೆಲಸ.

"ದೊಡ್ಡ ಸ್ಪ್ಯಾನರ್ ತರ್ತೀನಿ, ಟಾರ್ಚ್ ಹಿಡ್ಕೊ," ಎಂದು ಮಾವ ದಡ ಹತ್ತಿದರು.

ಅವಳು ಸೀಟಿನ ಹಿಂದಿದ್ದ ಆ ಕೊಳವೆಯ ಬಾಯಿಗೆ ಕೈ ಹಾಕಿದಳು. ಬೆರಳಿಗೆ ಒದ್ದೆ ಬಟ್ಟೆ ತಗುಲಿತು. ಎಳೆದು ಮುಷ್ಟಿಯಲ್ಲಿ ಅಡಗಿಸಿಕೊಂಡಳು.

"ಅದಕ್ಕೆ ಮುಂಚೆ ಇನ್ನೊಂದು ಸಲ ಕೀ ತಿರುಗಿಸಿ ನೋಡಿ ಮಾವ," ಎಂದಳು ಅವರು ಬಂದಾಗ.

ಕೀ ತಿರುಗಿಸಿದ್ದೇ ತಡ, ಇಂಜಿನ್ ಕೆಮ್ಮಿ, ನಡುಗಿ, ಹತ್ತಿಕೊಂಡಿತು.

"ನೋಡಿದ್ಯಾ! ಫಿಲ್ಟರೇ ಕಳ್ಳ!" ಮಾವನ ಮುಖ ಅರಳಿತು. ಆಮೇಲೆ ಅವಳ ಮುಷ್ಟಿಯ ಕಡೆ ನೋಡಿ, "ಅದೇನು ಕೈಲಿ?" ಎಂದರು.

ಅವಳು ಬೆರಳು ಬಿಡಿಸಿದಳು. ಗುರುತು ಹಿಡಿಯಲಿ, ಒಂದು ಬೈಗುಳವನ್ನಾದರೂ ಬೈಯಲಿ ಎಂದು ಕಾದಳು. ಮಾವ ಅವಳಿಂದ ಟಾರ್ಚ್ ತೆಗೆದುಕೊಂಡು ಬೆಳಕು ಹಾಯಿಸಿ ನೋಡಿದರು.

"ಯಾರದೋ ಕೊಳಕು ಬಟ್ಟೆ. ಎಸಿ ಅತ್ತ."

ಮೇಲಿನ ಕಿಟಕಿಯಲ್ಲಿ ದೀಪ ಹತ್ತಿತು. "ಆಯ್ತಾ ಅಪ್ಪ? ಹಾಗಾದ್ರೆ ನಾಳೆ ಅಕ್ಕನ ಮನೆ ಬಾವನ ದೋಣೀನೂ ನೋಡಿಬಿಡು. ಮೂರು ದಿನ ಆಳಸಮುದ್ರಕ್ಕೆ ಮೀನಿಗೆ ಹೋಗ್ತಾರಂತೆ," ಎಂದು ಗಂಡ ಕೂಗಿದ. "ಏನಾಗಿತ್ತೇ ಅದಕ್ಕೆ?"

ಮಾವನ ಕೈ ಬೆಚ್ಚಗಾಗುತ್ತಿದ್ದ ಇಂಜಿನ್ನಿನ ಮೇಲಿತ್ತು.

"ಫಿಲ್ಟರ್ ಕಟ್ಟಿಕೊಂಡಿತ್ತಂತೆ," ಎಂದಳು.

ದೀಪ ಆರಿತು. ಅವಳು ಬಟ್ಟೆ ಹಿಂಡಿ ಸ್ಟೇರಿಂಗಿಗೆ ಕಟ್ಟಿದಳು. ಗಂಡನಿಗೂ ಬೇಡ, ಬಾವನಿಗೂ ಬೇಡ; ಇದನ್ನು ಯಾರಿಗೂ ಹೇಳುವುದಿಲ್ಲ. ಮಾವ ಮುಟ್ಟಿದ ದೋಣಿಗಳನ್ನೆಲ್ಲ ತಾನೇ ಹಿಂದಿನಿಂದ ಹೋಗಿ ನೋಡಿ ಬಂದರಾಯಿತು. ದಡದುದ್ದಕ್ಕೂ ಕತ್ತಲಲ್ಲಿ ಎಷ್ಟು ದೋಣಿಗಳಿವೆ ಎಂದು ಮಾತ್ರ ಅವಳು ತಿರುಗಿ ನೋಡಲಿಲ್ಲ.